ನೀವು ಕೇಳಿದಿರಿ: ಉಪ್ಪಿನ ಡಬ್ಬಿಯಿಂದ ಬ್ಲೀಚ್ ಬಾಟಲಿವರೆಗೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ರಾಸಾಯನಿಕ ಬಂಧದ ಬಗ್ಗೆ. ಅದೂ ಪಾಠದ ಪುಸ್ತಕದ ಉದಾಹರಣೆಗಳಲ್ಲ, ಮನೆಯ ಕಪಾಟಿನಲ್ಲಿ ಇರುವ ವಸ್ತುಗಳೇ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ. ಶುರು ಮಾಡುವ ಮುಂಚೆ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಪ್ರತಿ ಉತ್ತರದಲ್ಲೂ ಅದನ್ನೇ ಹೇಳಬೇಕಾಗುತ್ತದೆ. ಯಾವ ವಸ್ತುವನ್ನು ನೋಡಿದರೂ ಎರಡು ಬೇರೆ ಬೇರೆ ಪ್ರಶ್ನೆ ಕೇಳಬೇಕು. ಒಂದು, ಕಣದ ಒಳಗೆ ಪರಮಾಣುಗಳು ಒಂದನ್ನೊಂದು ಹೇಗೆ ಹಿಡಿದುಕೊಂಡಿವೆ? ಎರಡು, ಆ ಕಣ ಪಕ್ಕದ ಕಣವನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದೆ? ನಿಮ್ಮ ಬಹುತೇಕ ಗೊಂದಲಗಳು ಇವೆರಡನ್ನೂ ಕಲಸಿದ್ದರಿಂದ ಬಂದಿವೆ.

ಪ್ರಶ್ನೆ: ಸೋಡಿಯಂ ನೀರಿಗೆ ಬಿದ್ದರೆ ಹೊತ್ತಿ ಉರಿಯುತ್ತದೆ. ಕ್ಲೋರಿನ್ ವಿಷದ ಗಾಳಿ. ಎರಡೂ ಸೇರಿದ ಉಪ್ಪನ್ನು ದಿನಾ ತಿನ್ನುತ್ತೇವೆ. ಹೇಗೆ ಸಾಧ್ಯ? ನಮ್ಮ ಟೀಚರ್ "ಸೋಡಿಯಂ ಖುಷಿಯಿಂದ ಒಂದು ಎಲೆಕ್ಟ್ರಾನ್ ಕೊಟ್ಟುಬಿಡುತ್ತದೆ" ಅಂದರು. ಅಷ್ಟೇನಾ? (ಹತ್ತನೇ ತರಗತಿ ವಿದ್ಯಾರ್ಥಿನಿ)

ಉತ್ತರ: ಉಪ್ಪಿನಲ್ಲಿ ಸೋಡಿಯಂ ಲೋಹವೂ ಇಲ್ಲ, ಕ್ಲೋರಿನ್ ಅನಿಲವೂ ಇಲ್ಲ ಕಣಮ್ಮ. ಇರುವುದು ಸೋಡಿಯಂ ಅಯಾನು ಮತ್ತು ಕ್ಲೋರೈಡ್ ಅಯಾನು. ಅಯಾನು ಅಂದರೆ ಎಲೆಕ್ಟ್ರಾನ್ ಕಳೆದುಕೊಂಡು ಅಥವಾ ಪಡೆದು ವಿದ್ಯುತ್ ಆವೇಶ ಹೊತ್ತ ಕಣ. ಸೋಡಿಯಂ ಪರಮಾಣುವಿನಲ್ಲಿ 11 ಎಲೆಕ್ಟ್ರಾನ್ ಇರುತ್ತವೆ, ಅಯಾನಿನಲ್ಲಿ 10. ಕ್ಲೋರಿನ್ ಪರಮಾಣುವಿನಲ್ಲಿ 17, ಅಯಾನಿನಲ್ಲಿ 18. ಒಂದೇ ಒಂದು ಎಲೆಕ್ಟ್ರಾನ್ ವ್ಯತ್ಯಾಸ, ಆದರೆ ನಡವಳಿಕೆ ಪೂರ್ತಿ ಬೇರೆ. ಸೋಡಿಯಂ ಲೋಹದ ಆರ್ಭಟಕ್ಕೆಲ್ಲ ಕಾರಣ ಆ ಹನ್ನೊಂದನೇ ಎಲೆಕ್ಟ್ರಾನ್. ಅದು ಹೋದ ಮೇಲೆ ಆರ್ಭಟವೂ ಹೋಯಿತು. ಕ್ಲೋರಿನ್ ಸಿಕ್ಕ ಸಿಕ್ಕ ಅಣುಗಳಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವುದಕ್ಕೇ ವಿಷ. ಒಂದು ಸಿಕ್ಕಿದ ಮೇಲೆ ಅದಕ್ಕೂ ಕೀಳುವ ಕೆಲಸ ಇಲ್ಲ. ಹಾಗೆ ನೋಡಿದರೆ ನಿಮ್ಮ ರಕ್ತದಲ್ಲಿ, ಬೆವರಲ್ಲಿ, ಕಣ್ಣೀರಲ್ಲಿ ಈ ಎರಡೂ ಅಯಾನುಗಳು ಸದಾ ಇರುತ್ತವೆ.

ಈಗ "ಖುಷಿಯಿಂದ ಕೊಡುತ್ತದೆ" ಅನ್ನೋ ಮಾತಿಗೆ ಬರೋಣ. ಬಹಳಷ್ಟು ತರಗತಿಗಳಲ್ಲಿ ಹೀಗೇ ಹೇಳುತ್ತಾರೆ, ನೆನಪಿಟ್ಟುಕೊಳ್ಳಲು ಸುಲಭ, ಆದರೆ ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಒಂದು ಮೋಲ್ (ಕಣಗಳನ್ನು ಎಣಿಸಲು ಬಳಸುವ ಒಂದು ದೊಡ್ಡ ಅಳತೆ) ಸೋಡಿಯಂ ಪರಮಾಣುಗಳಿಂದ ಒಂದೊಂದು ಎಲೆಕ್ಟ್ರಾನ್ ಕೀಳಬೇಕೆಂದರೆ ಸುಮಾರು 496 ಕಿಲೋಜೂಲ್ ಶಕ್ತಿ ಖರ್ಚಾಗುತ್ತದೆ. ಕ್ಲೋರಿನ್ ಆ ಎಲೆಕ್ಟ್ರಾನ್ ತೆಗೆದುಕೊಂಡಾಗ ವಾಪಸ್ ಬರುವುದು ಸುಮಾರು 349 ಮಾತ್ರ. ಅಂದರೆ ಬರೀ ಈ ಕೊಡು-ಕೊಳ್ಳುವಿಕೆಯಲ್ಲಿ 147 ಕಿಲೋಜೂಲ್ ನಷ್ಟ! ಹಾಗಾದರೆ ಉಪ್ಪು ಯಾಕೆ ಆಗುತ್ತದೆ? ಧನ ಅಯಾನು ಮತ್ತು ಋಣ ಅಯಾನುಗಳು ಹತ್ತಿರ ಬಂದು, ಸಾಲಾಗಿ ಜೋಡಿಸಿಕೊಂಡು, ಹರಳು ಕಟ್ಟಿದಾಗ ಒಟ್ಟು 787 ಕಿಲೋಜೂಲಿನಷ್ಟು ಶಕ್ತಿ ಹೊರಗೆ ಬರುತ್ತದೆ. ಲಾಭ ಇರುವುದು ಅಲ್ಲಿ. ಸೋಡಿಯಂ ಲೋಹವನ್ನು ಬಿಡಿ ಪರಮಾಣುಗಳಾಗಿ ಮಾಡಲು, ಕ್ಲೋರಿನ್ ಅಣುವನ್ನು ಒಡೆಯಲು ಆಗುವ ಖರ್ಚನ್ನೂ ಕಳೆದರೆ ಇನ್ನೂ ಬೇಕಾದಷ್ಟು ಉಳಿಯುತ್ತದೆ. ಹಾಗಾಗಿ ಎಲೆಕ್ಟ್ರಾನ್ ದಾಟಿದ್ದು ಕಥೆಯ ಅರ್ಧ, ಹರಳು ಕಟ್ಟಿದ್ದು ಇನ್ನರ್ಧ.

ಇನ್ನೊಂದು ವಿಷಯ, ಇದನ್ನು ಪರೀಕ್ಷೆಯಲ್ಲಿ ಕೇಳದಿದ್ದರೂ ತಿಳಿದಿರಲಿ. ಉಪ್ಪಿನ ಹರಳಿನಲ್ಲಿ "ಉಪ್ಪಿನ ಅಣು" ಅಂತ ಯಾವುದೂ ಇಲ್ಲ. ಒಂದು ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್ ಇರುತ್ತವೆ, ಒಂದು ಕ್ಲೋರೈಡಿನ ಸುತ್ತ ಆರು ಸೋಡಿಯಂ. ಯಾವುದು ಯಾರ ಜೋಡಿ ಅಂತ ಹೇಳಲು ಬರುವುದಿಲ್ಲ. ಈ ಎಳೆತ ಎಲ್ಲ ದಿಕ್ಕಿಗೂ ಇರುವುದರಿಂದಲೇ ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಆದರೆ ಒಂದು ಕಲ್ಲುಪ್ಪಿನ ಹರಳಿಗೆ ಸುತ್ತಿಗೆಯಿಂದ ಮೊಟಕಿ ನೋಡಿ, ಪುಡಿಯಾಗುತ್ತದೆ. ಪದರ ಒಂಚೂರು ಜರುಗಿದರೂ ಸೋಡಿಯಂ ಎದುರಿಗೆ ಸೋಡಿಯಂ, ಕ್ಲೋರೈಡ್ ಎದುರಿಗೆ ಕ್ಲೋರೈಡ್ ಬಂದು ನಿಲ್ಲುತ್ತವೆ. ಒಂದೇ ಆವೇಶದವು ಒಂದನ್ನೊಂದು ತಳ್ಳುತ್ತವೆ, ಹರಳು ಸೀಳುತ್ತದೆ.

ಪ್ರಶ್ನೆ: ಉಪ್ಪು, ಸಕ್ಕರೆ ಎರಡೂ ಬೆಳ್ಳಗೆ, ಎರಡೂ ಹರಳು, ಎರಡೂ ನೀರಲ್ಲಿ ಕರಗುತ್ತವೆ. ಆದರೆ ಬಾಣಲೆಯಲ್ಲಿ ಬಿಸಿ ಮಾಡಿದರೆ ಸಕ್ಕರೆ ಕರಗಿ ಕಂದಾಗುತ್ತದೆ, ಉಪ್ಪು ಹಾಗೇ ಇರುತ್ತದೆ. ಯಾಕೆ?

ಉತ್ತರ: ಒಳ್ಳೆ ಪ್ರಶ್ನೆ. ಮೇಲೆ ಹೇಳಿದ ಎರಡು ಪ್ರಶ್ನೆಗಳನ್ನು ಇಲ್ಲಿ ಹಾಕಿ ನೋಡಿ.

ಸಕ್ಕರೆಗೆ ಅಣು ಇದೆ. 12 ಕಾರ್ಬನ್, 22 ಹೈಡ್ರೋಜನ್, 11 ಆಕ್ಸಿಜನ್, ಒಟ್ಟು 45 ಪರಮಾಣುಗಳ ದೊಡ್ಡ ಅಣು. ಅದರ ಒಳಗೆ ಪರಮಾಣುಗಳು ಎಲೆಕ್ಟ್ರಾನ್ ಜೋಡಿಗಳನ್ನು ಹಂಚಿಕೊಂಡಿವೆ, ಅಂದರೆ ಕೋವೇಲೆಂಟ್ ಬಂಧ. ಇದು ಗಟ್ಟಿ. ಆದರೆ ಒಂದು ಸಕ್ಕರೆ ಅಣುವನ್ನು ಪಕ್ಕದ ಸಕ್ಕರೆ ಅಣುವಿಗೆ ಹಿಡಿದಿಟ್ಟಿರುವುದು ಮುಖ್ಯವಾಗಿ ಹೈಡ್ರೋಜನ್ ಬಂಧ, ಅಂದರೆ ಒಂದು ಅಣುವಿನ ಹೈಡ್ರೋಜನ್‌ಗೂ ಪಕ್ಕದ ಅಣುವಿನ ಆಕ್ಸಿಜನ್‌ಗೂ ನಡುವಿನ ಎಳೆತ, ಅದು ಅಷ್ಟು ಗಟ್ಟಿಯಲ್ಲ. ಬಿಸಿ ಮಾಡಿದಾಗ ಮೊದಲು ಸಡಿಲವಾಗುವುದು ಅದೇ. ಸುಮಾರು 186 ಡಿಗ್ರಿಯ ಹತ್ತಿರ ಸಕ್ಕರೆ ಕರಗುತ್ತದೆ, ಅಷ್ಟರಲ್ಲೇ ಅಣುವಿನ ಒಳಗಿನ ಬಂಧಗಳೂ ಒಡೆಯಲು ಶುರುವಾಗಿರುತ್ತವೆ. ನೀರು ಆವಿಯಾಗಿ ಹೊರಡುತ್ತದೆ, ತುಂಡುಗಳು ಹೊಸದಾಗಿ ಸೇರಿಕೊಳ್ಳುತ್ತವೆ, ಕಂದು ಬಣ್ಣ, ಆ ಘಮ ಎಲ್ಲ ಬರುತ್ತದೆ. ಅಷ್ಟು ಹೊತ್ತಿಗೆ ಅದು ಸಕ್ಕರೆಯೇ ಅಲ್ಲ, ನೂರಾರು ಬೇರೆ ಸಂಯುಕ್ತಗಳ ಮಿಶ್ರಣ. ಸುಮ್ನೆ ಬಿಟ್ಟರೆ ಕಡೆಗೆ ಕರಿ ಇದ್ದಿಲು.

ಉಪ್ಪಿಗೆ 801 ಡಿಗ್ರಿ ಬೇಕು ಅಂದೆನಲ್ಲ, ಮನೆಯ ಬಾಣಲೆ ಅಲ್ಲಿಗೆ ಮುಟ್ಟುವುದೇ ಇಲ್ಲ.

ನೀರಿನಲ್ಲಿ ಕರಗುವುದರಲ್ಲೂ ಎರಡರ ದಾರಿ ಬೇರೆ. ಉಪ್ಪು ಕರಗಿದಾಗ ಅದರ ಹರಳನ್ನು ಕಟ್ಟಿದ್ದ ಬಂಧವೇ ಬಿಚ್ಚಿಕೊಳ್ಳುತ್ತದೆ, ಅಯಾನುಗಳು ಬಿಡಿಬಿಡಿಯಾಗಿ ತೇಲುತ್ತವೆ. ಹಾಗಾಗಿ ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತದೆ. ಸಕ್ಕರೆ ಕರಗಿದಾಗ ಅಣುಗಳು ಒಂದರಿಂದ ಒಂದು ದೂರ ಹೋಗುತ್ತವೆ ಅಷ್ಟೇ, 45 ಪರಮಾಣುಗಳ ಪ್ರತಿ ಅಣುವೂ ಇಡಿಯಾಗಿಯೇ ಇರುತ್ತದೆ. ಆವೇಶ ಹೊತ್ತ ಕಣ ಇಲ್ಲ, ಹಾಗಾಗಿ ವಿದ್ಯುತ್ತೂ ಇಲ್ಲ. ಇನ್ನೊಂದು ಮೋಜು ಇದೆ: 100 ಮಿಲಿಲೀಟರ್ ತಣ್ಣೀರಿನಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗುತ್ತದೆ, ಕುದಿಯುವ ನೀರಾದರೂ 39ರ ಹತ್ತಿರಕ್ಕೆ ನಿಂತುಬಿಡುತ್ತದೆ. ಸಕ್ಕರೆ ತಣ್ಣೀರಿನಲ್ಲೇ 200 ಗ್ರಾಂ ಕರಗುತ್ತದೆ! ಒಂದು ಸಕ್ಕರೆ ಅಣುವಿನಲ್ಲಿ ಆಕ್ಸಿಜನ್-ಹೈಡ್ರೋಜನ್ ಜೋಡಿಗಳು ಎಂಟು ಇವೆ, ನೀರಿಗೆ ಹಿಡಿದುಕೊಳ್ಳಲು ಅಷ್ಟೂ ಕಡೆ ಜಾಗ ಸಿಗುತ್ತದೆ.

ಪ್ರಶ್ನೆ: ನೀರು ಕುದಿಯುವಾಗ ಏಳುವ ಗುಳ್ಳೆಗಳಲ್ಲಿ ಹೈಡ್ರೋಜನ್ ಮತ್ತು ಆಕ್ಸಿಜನ್ ಇರುತ್ತದಾ?

ಉತ್ತರ: ಇಲ್ಲ. ನೀರಿನ ಆವಿ ಇರುತ್ತದೆ, ಅಂದರೆ ನೀರೇ. (ಬಿಸಿಯಾಗಲು ಶುರುವಾದಾಗ ಪಾತ್ರೆಯ ಗೋಡೆಗೆ ಅಂಟಿಕೊಳ್ಳುವ ಚಿಕ್ಕ ಚಿಕ್ಕ ಗುಳ್ಳೆಗಳು ಬೇರೆ, ಅವು ನೀರಿನಲ್ಲಿ ಕರಗಿದ್ದ ಗಾಳಿ.) ನೀರಿನ ಅಣುವಿನ ಒಳಗೆ ಆಕ್ಸಿಜನ್-ಹೈಡ್ರೋಜನ್ ಬಂಧ ಒಡೆಯಲು ಮೋಲಿಗೆ ಸುಮಾರು 460 ಕಿಲೋಜೂಲ್ ಬೇಕು. ಅಣು ಅಣುಗಳ ನಡುವಿನ ಹೈಡ್ರೋಜನ್ ಬಂಧ ಬಿಡಿಸಲು ಸುಮಾರು 20 ಸಾಕು. ಒಲೆಯ ಬಿಸಿ ಎರಡನೆಯ ಕೆಲಸ ಮಾತ್ರ ಮಾಡುತ್ತದೆ. ಕುದಿಸಿದರೆ ಹೈಡ್ರೋಜನ್ ಬರುವ ಹಾಗಿದ್ದರೆ ಒಲೆ ಮೇಲೆ ನೀರಿಡುವುದೇ ಅಪಾಯದ ಕೆಲಸ ಆಗಿಬಿಡುತ್ತಿತ್ತು, ಅಲ್ವಾ?

ಆದರೆ ಆ 20 ಕಿಲೋಜೂಲನ್ನು ಕಡಿಮೆ ಅಂದುಕೊಳ್ಳಬೇಡಿ. ಆಕ್ಸಿಜನ್ ಜಾಗದಲ್ಲಿ ಗಂಧಕ ಇಟ್ಟರೆ ಸಿಗುವುದು ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ವಾಸನೆಯ ಅನಿಲ. ಅದರ ಅಣು ನೀರಿನ ಅಣುವಿಗಿಂತ ಭಾರ, ಆದರೂ ಅದು ಕುದಿಯುವುದು ಮೈನಸ್ 60 ಡಿಗ್ರಿಯಲ್ಲಿ. ನೀರು ಮಾತ್ರ 100ರವರೆಗೆ ಹಿಡಿದುಕೊಂಡಿರುವುದು ಹೈಡ್ರೋಜನ್ ಬಂಧದಿಂದ. ಹೆಪ್ಪುಗಟ್ಟುವಾಗ ಅದೇ ಬಂಧಗಳು ಅಣುಗಳನ್ನು ಸ್ವಲ್ಪ ದೂರ ದೂರ ಜೋಡಿಸಿಡುತ್ತವೆ, ಹಾಗಾಗಿ ಮಂಜುಗಡ್ಡೆ ಸುಮಾರು 9 ಶೇಕಡಾ ಜಾಸ್ತಿ ಜಾಗ ತೆಗೆದುಕೊಳ್ಳುತ್ತದೆ ಮತ್ತು ನೀರಿನ ಮೇಲೆ ತೇಲುತ್ತದೆ. ಫ್ರೀಜರಿನಲ್ಲಿ ತುಂಬಿದ ಗಾಜಿನ ಬಾಟಲಿ ಇಟ್ಟು ಮರೆತವರಿಗೆ ಈ 9 ಶೇಕಡಾ ಚೆನ್ನಾಗಿ ಗೊತ್ತು.

ಪ್ರಶ್ನೆ: ಗ್ಯಾಸ್ ಉರಿದಾಗ ಅದರ ಬಂಧಗಳು ಮುರಿದು ಒಳಗಿದ್ದ ಶಕ್ತಿ ಹೊರಗೆ ಬರುತ್ತದೆ ಅಂತ ಓದಿದ್ದೇನೆ. ಗೆಳೆಯ ಇದು ತಪ್ಪು ಅಂತಾನೆ. ಯಾರು ಸರಿ?

ಉತ್ತರ: ಗೆಳೆಯ ಸರಿ. ಬಂಧ ಮುರಿಯಲು ಯಾವಾಗಲೂ ಶಕ್ತಿ ಕೊಡಬೇಕು. ಬಂಧ ಆಗುವಾಗ ಶಕ್ತಿ ಬರುತ್ತದೆ. ಇದಕ್ಕೆ ವಿನಾಯಿತಿಯೇ ಇಲ್ಲ. ಅಂಟಿಕೊಂಡ ಎರಡು ಅಯಸ್ಕಾಂತಗಳನ್ನು ಬಿಡಿಸಲು ನೀವು ಎಳೆಯಬೇಕು, ಅವು ಸೇರುವಾಗ ತಾವೇ ಟಪ್ ಅಂತ ಬಡಿದುಕೊಳ್ಳುತ್ತವೆ. ಹಾಗೇ ಇದು.

ಲೆಕ್ಕ ಮಾಡಿಯೇ ನೋಡೋಣ. ಮೀಥೇನ್ ತೆಗೆದುಕೊಳ್ಳೋಣ, ಲೆಕ್ಕ ಸುಲಭ. ಒಂದು ಮೀಥೇನ್ ಅಣು ಎರಡು ಆಕ್ಸಿಜನ್ ಅಣುಗಳ ಜೊತೆ ಉರಿದು ಒಂದು ಕಾರ್ಬನ್ ಡೈಆಕ್ಸೈಡ್, ಎರಡು ನೀರು ಆಗುತ್ತದೆ. ಮುರಿಯಬೇಕಾದ್ದು ನಾಲ್ಕು ಕಾರ್ಬನ್-ಹೈಡ್ರೋಜನ್ ಬಂಧ, ಒಂದಕ್ಕೆ 413ರಂತೆ 1652 (ಅಂಕಿಗಳೆಲ್ಲ ಒಂದು ಮೋಲಿಗೆ, ಕಿಲೋಜೂಲಿನಲ್ಲಿ). ಜೊತೆಗೆ ಎರಡು ಆಕ್ಸಿಜನ್-ಆಕ್ಸಿಜನ್ ಜೋಡಿಬಂಧ (ಎರಡು ಎಲೆಕ್ಟ್ರಾನ್ ಜೋಡಿ ಹಂಚಿಕೊಂಡ ಬಂಧ), 498ರಂತೆ 996. ಒಟ್ಟು ಖರ್ಚು 2648 ಕಿಲೋಜೂಲ್. ಈಗ ಆದಾಯ: ಕಾರ್ಬನ್ ಡೈಆಕ್ಸೈಡಿನ ಎರಡು ಜೋಡಿಬಂಧ, 799ರಂತೆ 1598. ನೀರಿನ ನಾಲ್ಕು ಬಂಧ, 463ರಂತೆ 1852. ಒಟ್ಟು 3450. ಕಳೆದರೆ ಉಳಿಯುವುದು ಸುಮಾರು 800 ಕಿಲೋಜೂಲ್, ಅದೂ ಬರೀ 16 ಗ್ರಾಂ ಮೀಥೇನಿನಿಂದ. ಒಲೆಯಿಂದ ಬರುವ ಬಿಸಿ ಇದು. ಸಿಲಿಂಡರಿನಲ್ಲಿ ಬರುವ ಪ್ರೊಪೇನ್, ಬ್ಯೂಟೇನ್ ಆದರೂ ಇದೇ ಲೆಕ್ಕ, ಬಂಧಗಳು ಜಾಸ್ತಿ ಅಷ್ಟೇ.

ಅಂದರೆ ಶಕ್ತಿ ಗ್ಯಾಸಿನ ಒಳಗೆ ಅಡಗಿ ಕೂತಿರಲಿಲ್ಲ. ದುರ್ಬಲ ಬಂಧಗಳು ಹೋಗಿ ಗಟ್ಟಿ ಬಂಧಗಳು ಬಂದವು, ಆ ವ್ಯತ್ಯಾಸವೇ ಬಿಸಿ. ಮತ್ತೆ ಗ್ಯಾಸ್ ಬಿಟ್ಟ ಕೂಡಲೇ ತಾನಾಗಿ ಯಾಕೆ ಹೊತ್ತಿಕೊಳ್ಳುವುದಿಲ್ಲ, ಕಿಡಿ ಯಾಕೆ ಬೇಕು? ಮೊದಲ ಖರ್ಚನ್ನು ಯಾರಾದರೂ ಕೊಡಬೇಕಲ್ಲ, ಅದಕ್ಕೆ. ಒಮ್ಮೆ ಶುರುವಾದ ಮೇಲೆ ಉರಿದ ಅಣುಗಳ ಬಿಸಿಯೇ ಮುಂದಿನ ಅಣುಗಳಿಗೆ ಸಾಕಾಗುತ್ತದೆ.

ಪ್ರಶ್ನೆ: ಅಡುಗೆ ಸೋಡಾ ಅಯಾನಿಕವೋ ಕೋವೇಲೆಂಟೋ? ಮತ್ತೆ ಅದನ್ನು ವಿನೆಗರ್ ಜೊತೆ ಸೇರಿಸಿ ಸಿಂಕಿಗೆ ಸುರಿದರೆ ಪೈಪು ಕ್ಲೀನ್ ಆಗುತ್ತದಾ? ವಿಡಿಯೋಗಳಲ್ಲಿ ಎಲ್ಲರೂ ಮಾಡುತ್ತಾರೆ.

ಉತ್ತರ: ಮೊದಲನೆಯದಕ್ಕೆ ಉತ್ತರ: ಎರಡೂ. ಅಡುಗೆ ಸೋಡಾ ಅಂದರೆ ಸೋಡಿಯಂ ಬೈಕಾರ್ಬೋನೇಟ್. ಬೈಕಾರ್ಬೋನೇಟ್ ಅಯಾನಿನ ಒಳಗೆ ಒಂದು ಹೈಡ್ರೋಜನ್, ಒಂದು ಕಾರ್ಬನ್, ಮೂರು ಆಕ್ಸಿಜನ್ ಕೋವೇಲೆಂಟ್ ಬಂಧದಿಂದ ಸೇರಿವೆ. ಆ ಇಡೀ ಗುಂಪು ಒಂದು ಋಣ ಅಯಾನಾಗಿ ಸೋಡಿಯಂ ಅಯಾನಿನ ಜೊತೆ ಅಯಾನಿಕ ಬಂಧದಲ್ಲಿ, ಅಂದರೆ ಉಪ್ಪಿನಲ್ಲಿ ನೋಡಿದ ಎದುರು ಆವೇಶಗಳ ಎಳೆತದಲ್ಲಿ ಇದೆ. ಇದೇನೂ ಅಪರೂಪವಲ್ಲ. ಬಟ್ಟೆ ಸೋಡಾ, ಸೋಪು, ಬ್ಲೀಚ್, ಸೀಮೆಸುಣ್ಣ ಎಲ್ಲದರ ಕಥೆಯೂ ಇದೇ. "ಇದು ಅಯಾನಿಕ, ಅದು ಕೋವೇಲೆಂಟ್" ಅಂತ ಎರಡು ಡಬ್ಬಿ ಮಾಡಿ ಎಲ್ಲವನ್ನೂ ತುಂಬುವ ಅಭ್ಯಾಸ ನನಗಂತೂ ಇಷ್ಟವಿಲ್ಲ. ಎಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಳ್ಳುವ ವಿಚಾರವನ್ನು ಅಮೆರಿಕದ ರಸಾಯನಶಾಸ್ತ್ರಜ್ಞ ಗಿಲ್ಬರ್ಟ್ ಲೂಯಿಸ್ 1916ರಲ್ಲೇ ಮುಂದಿಟ್ಟಿದ್ದರು. ಆಮೇಲೆ ಇನ್ನೊಬ್ಬ ಅಮೆರಿಕನ್ ರಸಾಯನಶಾಸ್ತ್ರಜ್ಞ ಲೈನಸ್ ಪೌಲಿಂಗ್ 1932ರಲ್ಲಿ, ಯಾವ ಧಾತು ಎಲೆಕ್ಟ್ರಾನನ್ನು ಎಷ್ಟು ಬಲವಾಗಿ ತನ್ನ ಕಡೆ ಎಳೆಯುತ್ತದೆ ಅನ್ನುವುದಕ್ಕೆ ಅಂಕ ಕೊಟ್ಟರು. ಈಗ ಬಳಸುವ ಪಟ್ಟಿಯಲ್ಲಿ ಸೋಡಿಯಂಗೆ 0.93, ಕ್ಲೋರಿನ್‌ಗೆ 3.16. ವ್ಯತ್ಯಾಸ 2.23, ಎಲೆಕ್ಟ್ರಾನ್ ಹೆಚ್ಚುಕಮ್ಮಿ ಪೂರ್ತಿ ಒಂದೇ ಕಡೆ. ಕಾರ್ಬನ್ ಮತ್ತು ಹೈಡ್ರೋಜನ್ ನಡುವೆ ವ್ಯತ್ಯಾಸ 0.35 ಮಾತ್ರ, ಹೆಚ್ಚುಕಮ್ಮಿ ಸಮಪಾಲು. ನೀರಿನ ಬಂಧ ಇವೆರಡರ ಮಧ್ಯೆ, 1.24. ನಡುವೆ ಗೆರೆ ಎಳೆದವರು ನಾವು, ಪರಮಾಣುಗಳಲ್ಲ. ಆದರೂ ಪರೀಕ್ಷೆಯಲ್ಲಿ "ಅಯಾನಿಕ ಸಂಯುಕ್ತ" ಅಂತ ಬರೆಯಿರಿ, ಅಂಕ ಸಿಗುತ್ತದೆ.

ಈಗ ಸಿಂಕು. ಬುಸ್ ಅಂತ ನೊರೆ ಏಳುವುದು ನೋಡಲು ಚೆನ್ನಾಗಿದೆ, ಅಷ್ಟೇ. ಸೋಡಾ ಒಂದು ಪ್ರತ್ಯಾಮ್ಲ, ವಿನೆಗರಿನಲ್ಲಿರುವುದು ಅಸಿಟಿಕ್ ಆಮ್ಲ. ಎರಡೂ ಸೇರಿ ಒಂದನ್ನೊಂದು ಮುಗಿಸಿಬಿಡುತ್ತವೆ. ಕಡೆಗೆ ಉಳಿಯುವುದು ಸೋಡಿಯಂ ಅಸಿಟೇಟ್ ಕರಗಿದ ನೀರು ಮತ್ತು ಹಾರಿಹೋದ ಕಾರ್ಬನ್ ಡೈಆಕ್ಸೈಡ್. ಐದು ಗ್ರಾಂ, ಅಂದರೆ ಒಂದು ಟೀ ಚಮಚ ಸೋಡಾ, 5 ಶೇಕಡಾ ವಿನೆಗರ್ ಸುಮಾರು 70 ಮಿಲಿಲೀಟರಿನ ಜೊತೆ ಪೂರ್ತಿ ಮುಗಿಯುತ್ತದೆ, ಸುಮಾರು 1.4 ಲೀಟರ್ ಅನಿಲ ಬರುತ್ತದೆ. ಅನಿಲ ತೆರೆದ ಬಾಯಿಯ ಕಡೆ ಹೋಗುತ್ತದೆಯೇ ಹೊರತು ಪೈಪಿನಲ್ಲಿ ಗಟ್ಟಿಯಾಗಿ ಕೂತ ಜಿಡ್ಡನ್ನು ತಳ್ಳುವುದಿಲ್ಲ. ಎರಡನ್ನೂ ಬೇರೆ ಬೇರೆ ಬಳಸಿ, ಆಗ ಎರಡೂ ಕೆಲಸಕ್ಕೆ ಬರುತ್ತವೆ. ನಲ್ಲಿಯ ಮೇಲಿನ ಬಿಳಿ ಕಲೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟ್, ಅದಕ್ಕೆ ಬರೀ ವಿನೆಗರ್. ಪಾತ್ರೆ ಉಜ್ಜಲು ಒದ್ದೆ ಮಾಡಿದ ಬರೀ ಸೋಡಾ. ಎರಡನ್ನೂ ಒಂದೇ ಬಾಟಲಿಗೆ ಹಾಕಿ ಮುಚ್ಚಳ ಮಾತ್ರ ಬಿಗಿಯಬೇಡಿ, ಬಾಟಲಿ ಸಿಡಿಯುತ್ತದೆ.

ಪ್ರಶ್ನೆ: ಟಾಯ್ಲೆಟ್ ಕ್ಲೀನರಿಗೆ ಸ್ವಲ್ಪ ಬ್ಲೀಚ್ ಸೇರಿಸಿದರೆ ಇನ್ನೂ ಚೆನ್ನಾಗಿ ಹೊಳೆಯುತ್ತದೆ ಅಂತ ಯಾರೋ ಹೇಳಿದರು. ಮಾಡಬಹುದಾ?

ಉತ್ತರ: ಬೇಡ. ಯಾವತ್ತೂ ಬೇಡ. ಹೇಳಿದವರಿಗೂ ತಿಳಿಸಿ.

ಯಾಕೆ ಅಂತ ಅರ್ಥವಾದರೆ ಮರೆಯುವುದಿಲ್ಲ. ಬ್ಲೀಚ್ ಮಾಡುವುದೇ ಕ್ಲೋರಿನ್ ಅನಿಲವನ್ನು ಕಾಸ್ಟಿಕ್ ಸೋಡಾ ಅನ್ನೋ ಕ್ಷಾರದ ದ್ರಾವಣಕ್ಕೆ ಹಾಯಿಸಿ. ಆಗ ಸೋಡಿಯಂ ಹೈಪೋಕ್ಲೋರೈಟ್ ಮತ್ತು ಉಪ್ಪು ಆಗುತ್ತವೆ. ಕ್ಷಾರ ಇರುವವರೆಗೆ ಅದು ಹಾಗೇ ಇರುತ್ತದೆ. ಆಮ್ಲ ಬಿದ್ದರೆ ಕ್ರಿಯೆ ಹಿಂದಕ್ಕೆ ತಿರುಗುತ್ತದೆ, ಕ್ಲೋರಿನ್ ಅನಿಲ ವಾಪಸ್ ಬರುತ್ತದೆ. ಹಲವು ಟಾಯ್ಲೆಟ್ ಕ್ಲೀನರುಗಳಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಬೆಲ್ಜಿಯಂನ ಈಪ್ರ್ ಯುದ್ಧಭೂಮಿಯಲ್ಲಿ ಸೈನಿಕರ ಮೇಲೆ ಬಿಟ್ಟ ಅನಿಲ ಈ ಕ್ಲೋರಿನ್ನೇ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಚಿಕ್ಕ ಬಚ್ಚಲಲ್ಲಿ ಕೆಳಗೆ ಕೂತುಬಿಡುತ್ತದೆ, ನೀವು ಬಗ್ಗಿ ಉಜ್ಜುತ್ತಿರುವ ಕಡೆಯೇ. ವಿನೆಗರ್, ಲಿಂಬೆರಸ ಕೂಡ ಆಮ್ಲವೇ, ಅವೂ ಬೇಡ. ಅಮೋನಿಯಾ ಇರುವ ಕ್ಲೀನರ್ ಸೇರಿಸಿದರೆ ಕ್ಲೋರಮೈನ್ ಅನ್ನೋ ಇನ್ನೊಂದು ವಿಷ. ಅಕಸ್ಮಾತ್ ಸೇರಿಹೋಗಿ ಗಂಟಲು ಉರಿದರೆ ಅಲ್ಲೇ ನಿಂತು ತೊಳೆಯಲು ಹೋಗಬೇಡಿ. ಮೊದಲು ಹೊರಗೆ ಬನ್ನಿ, ಒಳ್ಳೆ ಗಾಳಿಗೆ. ಉಸಿರಾಟ ಕಷ್ಟವಾದರೆ ತಕ್ಷಣ ವೈದ್ಯರ ಹತ್ತಿರ ಹೋಗಿ.

ಪ್ರಶ್ನೆ: ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ, ಬಕೆಟಿನ ಅಂಚಿಗೆ ಬಿಳಿ ಜಿಡ್ಡು ಕಟ್ಟುತ್ತದೆ. ಸೋಪೇ ಸರಿಯಿಲ್ಲವಾ?

ಉತ್ತರ: ಸೋಪಿನ ತಪ್ಪಲ್ಲ. ಸೋಪಿನ ಅಣುವಿಗೆ ಉದ್ದನೆ ಬಾಲ ಇದೆ, ಹದಿನಾರು ಹದಿನೆಂಟು ಕಾರ್ಬನ್‌ಗಳ ಸರಪಳಿ. ಅದಕ್ಕೆ ಜಿಡ್ಡು ಇಷ್ಟ, ನೀರು ಇಷ್ಟವಿಲ್ಲ. ತುದಿಯಲ್ಲಿ ಋಣ ಆವೇಶದ ತಲೆ, ಅದಕ್ಕೆ ನೀರು ಇಷ್ಟ. ಬಾಲಗಳು ಜಿಡ್ಡಿನೊಳಗೆ ಸೇರಿಕೊಂಡು, ತಲೆಗಳು ನೀರಿನ ಕಡೆ ನಿಂತು, ಜಿಡ್ಡು ಚಿಕ್ಕ ಹನಿಗಳಾಗಿ ನೀರಿನೊಂದಿಗೆ ಹರಿದುಹೋಗುತ್ತದೆ. ತಲೆಯ ಜೊತೆಗಿರುವ ಸೋಡಿಯಂ ಅಯಾನು ನೀರಲ್ಲಿ ಸುಲಭವಾಗಿ ಬಿಟ್ಟುಹೋಗುತ್ತದೆ, ಅದರಿಂದ ತೊಂದರೆ ಇಲ್ಲ. ಆದರೆ ನಿಮ್ಮ ಬೋರ್‌ವೆಲ್ಲಿನಂಥ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಇರುತ್ತವೆ, ಎರಡೆರಡು ಆವೇಶದವು. ಒಂದು ಕ್ಯಾಲ್ಸಿಯಂ ಎರಡು ಸೋಪಿನ ತಲೆಗಳನ್ನು ಒಟ್ಟಿಗೆ ಹಿಡಿದುಬಿಡುತ್ತದೆ, ಬಿಡುವುದಿಲ್ಲ. ಆ ಸಂಯುಕ್ತ ನೀರಿನಲ್ಲಿ ಕರಗದು, ನಿಮ್ಮ ಬಕೆಟಿನ ಬಿಳಿ ಜಿಡ್ಡು ಅದೇ. ನೀರಿನ ಕ್ಯಾಲ್ಸಿಯಂ ಎಲ್ಲ ಹೀಗೆ ಖರ್ಚಾದ ಮೇಲೆ ಹಾಕಿದ ಸೋಪು ಮಾತ್ರ ನೊರೆ ಕೊಡುತ್ತದೆ. ಡಿಟರ್ಜೆಂಟಿನ ತಲೆ ಬೇರೆ ತರಹದ್ದು, ಸಾಮಾನ್ಯವಾಗಿ ಗಂಧಕ ಇರುವ ಸಲ್ಫೋನೇಟ್. ಅದು ಕ್ಯಾಲ್ಸಿಯಂ ಜೊತೆ ಹೀಗೆ ಸುಲಭವಾಗಿ ಗಡ್ಡೆ ಕಟ್ಟುವುದಿಲ್ಲ. ಬಟ್ಟೆಗೆ ಅದನ್ನೇ ಬಳಸಿ.

ಪ್ರಶ್ನೆ: ನಾನ್‌ಸ್ಟಿಕ್ ಲೇಪಕ್ಕೆ ಏನೂ ಅಂಟುವುದಿಲ್ಲ ಅಂದಮೇಲೆ, ಆ ಲೇಪ ಬಾಣಲೆಗೆ ಹೇಗೆ ಅಂಟಿಕೊಂಡಿತು?

ಉತ್ತರ: ಈ ಪ್ರಶ್ನೆಗೆ ಕಾಯುತ್ತಿದ್ದೆ!

ಲೇಪದ ಹೆಸರು ಟೆಫ್ಲಾನ್. ಕಾರ್ಬನ್ ಸರಪಳಿ, ಸುತ್ತ ಬರೀ ಫ್ಲೋರಿನ್. 1938ರ ಏಪ್ರಿಲ್‌ನಲ್ಲಿ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಫ್ರಿಜ್ಜಿಗೆ ಬೇಕಾದ ಹೊಸ ಅನಿಲಗಳ ಕೆಲಸದಲ್ಲಿದ್ದರು. ಒಂದು ಸಿಲಿಂಡರಿನಿಂದ ಅನಿಲ ಬರುವುದು ನಿಂತಿತು, ಆದರೆ ತೂಗಿದರೆ ತೂಕ ಹಾಗೇ ಇದೆ. ಕೊಯ್ದು ನೋಡಿದರೆ ಒಳಗೆ ಬಿಳಿ ಪುಡಿ. ಅನಿಲದ ಅಣುಗಳು ತಾವೇ ಕೈಕೈ ಹಿಡಿದು ಸರಪಳಿಯಾಗಿದ್ದವು.

ಕಾರ್ಬನ್-ಫ್ಲೋರಿನ್ ಬಂಧಕ್ಕೆ ಸುಮಾರು 485 ಕಿಲೋಜೂಲ್, ಕಾರ್ಬನ್ ಮಾಡುವ ಒಂಟಿ ಬಂಧಗಳಲ್ಲಿ ಇದು ಅತಿ ಗಟ್ಟಿ ಸಾಲಿನದು. ಹಾಗಾಗಿ ಹೊರಗಿನ ಯಾವುದರ ಜೊತೆಗೂ ಹೊಸ ಬಂಧಕ್ಕೆ ಅದು ಕೈಚಾಚುವುದಿಲ್ಲ. ಫ್ಲೋರಿನ್ ತನ್ನ ಎಲೆಕ್ಟ್ರಾನ್‌ಗಳನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಅಂದರೆ, ಅಣುಗಳ ನಡುವೆ ಸಾಮಾನ್ಯವಾಗಿ ಇರುವ ಸಣ್ಣ ಎಳೆತ ಕೂಡ ಇಲ್ಲಿ ಬಹಳ ಕಡಿಮೆ. ಎಣ್ಣೆಗೂ ಹಿಡಿತ ಸಿಗದು, ನೀರಿಗೂ ಸಿಗದು.

ಹಾಗಾದರೆ ಬಾಣಲೆಗೆ? ರಾಸಾಯನಿಕ ಬಂಧಕ್ಕಿಂತ ಜಾಸ್ತಿ ಮೆಕ್ಯಾನಿಕಲ್ ಹಿಡಿತ. ಲೋಹದ ಮೈಯನ್ನು ಮರಳು ಹೊಡೆದು ಅಥವಾ ಆಮ್ಲದಿಂದ ತಿಂದು ತರಿತರಿ ಮಾಡುತ್ತಾರೆ. ಅದರ ಮೇಲೆ ಅಂಟಿಕೊಳ್ಳುವ ಬೇರೆ ರಾಳ ಬೆರೆಸಿದ ಮೊದಲ ಪದರ ಬಳಿದು ಕಾಯಿಸುತ್ತಾರೆ. ಲೇಪ ಆ ತಗ್ಗುಗಳೊಳಗೆ ಇಳಿದು ಸಿಕ್ಕಿಕೊಳ್ಳುತ್ತದೆ. ಲೋಹದ ಸೌಟಿನಿಂದ ಕೆರೆದರೆ ಕಿತ್ತುಬರುವುದು ಇದಕ್ಕೇ. ಖಾಲಿ ಬಾಣಲೆಯನ್ನು ದೊಡ್ಡ ಉರಿಯಲ್ಲಿ ಬಿಡಬೇಡಿ. 260 ಡಿಗ್ರಿವರೆಗೆ ಟೆಫ್ಲಾನ್ ಗಟ್ಟಿ, ಅದನ್ನು ಮೀರಿ ತುಂಬಾ ಮೇಲೆ ಹೋದರೆ ಒಡೆದು ಹೊಗೆ ಬಿಡುತ್ತದೆ. ಮನೆಯಲ್ಲಿ ಸಾಕಿದ ಹಕ್ಕಿ ಇದ್ದರೆ ಇನ್ನೂ ಹುಷಾರು, ಆ ಹೊಗೆಗೆ ಹಕ್ಕಿಗಳು ಬೇಗ ಸಾಯುತ್ತವೆ.

ಪ್ರಶ್ನೆ: ಇದರ ಉಲ್ಟಾ ಕೇಳುತ್ತೇನೆ. ಸೂಪರ್ ಗ್ಲೂ ಎಲ್ಲದಕ್ಕೂ ಅಂಟುತ್ತದೆ, ಟ್ಯೂಬಿನ ಒಳಗೆ ಯಾಕೆ ಅಂಟುವುದಿಲ್ಲ?

ಉತ್ತರ: ಒಳಗೆ ತೇವ ಇಲ್ಲ, ಅದಕ್ಕೆ. ಟ್ಯೂಬಿನಲ್ಲಿ ಇರುವುದು ಅಂಟಲ್ಲ, ಅಂಟಾಗಲು ಕಾಯುತ್ತಿರುವ ದ್ರವ. ಸೈನೊಅಕ್ರಿಲೇಟ್ ಅಂತ ಹೆಸರು. ಗಾಳಿಯಲ್ಲಿ, ವಸ್ತುವಿನ ಮೇಲೆ ಸದಾ ಇರುವ ತೆಳು ತೇವ ತಗುಲಿದ ಕೂಡಲೇ ಅಣುಗಳ ಜೋಡಿಬಂಧ ತೆರೆದು ಒಂದಕ್ಕೊಂದು ಸೇರುತ್ತಾ ಸೆಕೆಂಡುಗಳಲ್ಲಿ ಉದ್ದ ಸರಪಳಿಗಳಾಗುತ್ತವೆ. 1942ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಹ್ಯಾರಿ ಕೂವರ್ ಅವರ ತಂಡ ಬಂದೂಕಿಗೆ ಗುರಿ ಹಿಡಿಯುವ ಪಾರದರ್ಶಕ ಪ್ಲಾಸ್ಟಿಕ್ ಹುಡುಕುವಾಗ ಇದು ಸಿಕ್ಕಿತ್ತು, ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ ಅಂತ ಪಕ್ಕಕ್ಕಿಟ್ಟರು. ಅಂಗಡಿಗೆ ಬಂದಿದ್ದು 1958ರಲ್ಲಿ. ಜಾಸ್ತಿ ಸುರಿದರೆ ಜಾಸ್ತಿ ಗಟ್ಟಿ ಅಂದುಕೊಳ್ಳಬೇಡಿ, ದಪ್ಪ ಪದರದ ಮಧ್ಯಕ್ಕೆ ತೇವ ತಲುಪುವುದು ನಿಧಾನ. ಒಂದೇ ಹನಿ, ತೆಳುವಾಗಿ. ಬೆರಳು ಅಂಟಿದರೆ ಎಳೆಯಬೇಡಿ, ಬಿಸಿ ಸೋಪುನೀರಿನಲ್ಲಿ ಅದ್ದಿ ನಿಧಾನ ಬಿಡಿಸಿ.

ಪ್ರಶ್ನೆ: ಮಗು ಪೆನ್ಸಿಲ್ ಕಚ್ಚುತ್ತದೆ. ಅದರಲ್ಲಿ ಸೀಸ ಇದೆಯಲ್ಲ, ಭಯ ಆಗುತ್ತದೆ.

ಉತ್ತರ: ಬರೆಯುವ ಕಡ್ಡಿಯಲ್ಲಿ ಸೀಸ ಇಲ್ಲ, ಆ ಭಯ ಬಿಡಿ. ಇರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು. ಎರಡನ್ನೂ ಬೆರೆಸಿ ಸುಡುವ ವಿಧಾನ 1795ರಲ್ಲಿ ಫ್ರಾನ್ಸಿನ ನಿಕೋಲಾ ಕೋಂಟೆ ಕಂಡುಹಿಡಿದದ್ದು. ಗ್ರಾಫೈಟ್ ಅಂದರೆ ಬರೀ ಕಾರ್ಬನ್, ವಜ್ರವೂ ಬರೀ ಕಾರ್ಬನ್. ವಜ್ರದಲ್ಲಿ ಪ್ರತಿ ಕಾರ್ಬನ್ ನಾಲ್ಕು ಕಡೆ ಕೋವೇಲೆಂಟ್ ಬಂಧದಲ್ಲಿದೆ. ಗ್ರಾಫೈಟಿನಲ್ಲಿ ಮೂರೇ ಕಡೆ, ಹಾಳೆಯಂತೆ ಹರಡಿಕೊಂಡಿದೆ. ಹಾಳೆಯ ಒಳಗೆ ತುಂಬಾ ಗಟ್ಟಿ, ಹಾಳೆ ಹಾಳೆಗಳ ನಡುವೆ ತುಂಬಾ ಸಡಿಲ. ಬರೆಯುವಾಗ ಆ ಪದರಗಳು ಜಾರಿ ಕಾಗದಕ್ಕೆ ಮೆತ್ತಿಕೊಳ್ಳುತ್ತವೆ. ಕಚ್ಚುವ ಅಭ್ಯಾಸ ಮಾತ್ರ ಬಿಡಿಸಿ, ಮರದ ಚೂರು ಗಂಟಲಿಗೆ ಸಿಕ್ಕಬಹುದು.

ಪ್ರಶ್ನೆ: ಹೈಡ್ರೋಜನ್ ಪೆರಾಕ್ಸೈಡ್ ಯಾವಾಗಲೂ ಕಂದು ಬಾಟಲಿಯಲ್ಲೇ ಯಾಕೆ?

ಉತ್ತರ: ನೀರಿಗೆ ಇನ್ನೊಂದು ಆಕ್ಸಿಜನ್ ಸೇರಿಸಿದರೆ ಪೆರಾಕ್ಸೈಡ್. ಆದರೆ ಆ ಎರಡು ಆಕ್ಸಿಜನ್‌ಗಳ ನಡುವಿನ ಒಂಟಿ ಬಂಧ ಬಡಕಲು, ಸುಮಾರು 146 ಕಿಲೋಜೂಲ್. ಬೆಳಕು ಬಿದ್ದರೂ ಒಡೆಯುತ್ತದೆ. ಕಂದು ಬಣ್ಣ ಬೆಳಕು ತಡೆಯಲು. ಹಳೆ ಬಾಟಲಿಯಲ್ಲಿ ಉಳಿದಿರುವುದು ಬಹುಪಾಲು ನೀರೇ.

ಪ್ರಶ್ನೆ: ಅಲ್ಯೂಮಿನಿಯಂ ಫಾಯಿಲಿನ ಹೊಳೆಯುವ ಬದಿ ಒಳಗಿರಬೇಕೋ ಹೊರಗೋ? ಮತ್ತೆ ಅದು ಯಾಕೆ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ?

ಉತ್ತರ: ಎರಡನೆಯದು ಮೊದಲು. ಅಲ್ಯೂಮಿನಿಯಂ ಕೂಡ ಆಕ್ಸಿಜನ್ ಜೊತೆ ಸೇರುತ್ತದೆ, ಕಬ್ಬಿಣಕ್ಕಿಂತ ಬೇಗ. ಆದರೆ ಹಾಗಾದ ಆಕ್ಸೈಡ್ ಕೆಲವೇ ನ್ಯಾನೊಮೀಟರ್ ದಪ್ಪದ ಬಿಗಿಯಾದ ಪದರ, ಲೋಹಕ್ಕೆ ಗಟ್ಟಿಯಾಗಿ ಅಂಟಿ ಒಳಗಿನದನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಸಡಿಲ, ಉದುರುತ್ತದೆ, ಒಳಗಿನ ಹೊಸ ಕಬ್ಬಿಣ ಮತ್ತೆ ಗಾಳಿಗೆ ಒಡ್ಡಿಕೊಳ್ಳುತ್ತದೆ. ಹುಳಿ ಅಥವಾ ಉಪ್ಪು ಜಾಸ್ತಿ ಇರುವುದನ್ನು ಫಾಯಿಲಿನಲ್ಲಿ ಹೊತ್ತುಗಟ್ಟಲೆ ಸುತ್ತಿಡಬೇಡಿ, ಅವು ಈ ಪದರವನ್ನು ತಿನ್ನುತ್ತವೆ.

ಅಷ್ಟು ತೆಳ್ಳಗೆ ತಟ್ಟಲು ಬರುವುದು ಲೋಹೀಯ ಬಂಧದಿಂದ. ಹೊರಗಿನ ಎಲೆಕ್ಟ್ರಾನ್‌ಗಳು ಯಾವ ಪರಮಾಣುವಿಗೂ ಸೇರದೆ ಇಡೀ ಲೋಹದ ತುಂಬ ಓಡಾಡಿಕೊಂಡಿರುತ್ತವೆ, ಹಾಗಾಗಿ ಪದರ ಜರುಗಿದರೂ ಹಿಡಿತ ತಪ್ಪುವುದಿಲ್ಲ. ಉಪ್ಪಿನ ಹಾಗೆ ಸೀಳುವುದಿಲ್ಲ. ಇನ್ನು ಬದಿಯ ವಿಚಾರ: ಕಡೆಯ ಸಲ ಉರುಳೆಯೊಳಗೆ ಹಾಯಿಸುವಾಗ ಎರಡು ಹಾಳೆ ಒಟ್ಟಿಗೆ ಹೋಗುತ್ತವೆ, ಇಲ್ಲದಿದ್ದರೆ ಹರಿದುಹೋಗುತ್ತವೆ. ಉರುಳೆಗೆ ತಾಗಿದ ಬದಿ ಹೊಳೆಯುತ್ತದೆ, ಒಂದಕ್ಕೊಂದು ತಾಗಿದ ಬದಿ ಮಂಕು. ಲೋಹ ಎರಡೂ ಕಡೆ ಒಂದೇ. ಹೇಗೆ ಬೇಕಾದರೂ ಸುತ್ತಿ.